ಆನಂದಪುರವನ್ನು ಪೆನ್ಸಿಲ್ವೇನಿಯಕ್ಕೆ ಹೋಲಿಸುವ ಮುನ್ನ

ಈಚೆಗೆ ವಿಚಾರಸಂಕಿರಣವೊಂದರಲ್ಲಿ ಯುವ ಸಂಶೋಧಕರೊಬ್ಬರು ಮಂಡಿಸಿದ ಪ್ರಬಂಧದ ಒಂದು ವಾಕ್ಯ ನನ್ನನ್ನು ಇನ್ನೂ ಬಿಟ್ಟಿಲ್ಲ. ದಕ್ಷಿಣ ಕೊಡಗಿನ ಸಿದ್ದಾಪುರದ ಸಮೀಪದಲ್ಲಿರುವ ಆನಂದಪುರ 'ಕೊಡಗಿನ ಪೆನ್ಸಿಲ್ವೇನಿಯ' ಎಂಬುದು ಆ ವಾಕ್ಯ. ಅಮೆರಿಕದಲ್ಲಿ ಕ್ವೇಕರರು ಧರ್ಮಸ್ವಾತಂತ್ರ್ಯದ ನೆಲೆಯೊಂದನ್ನು ಕಟ್ಟಿದಂತೆ ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಇಲ್ಲಿ ದಾಸ್ಯಮುಕ್ತರ ನೆಲೆಯೊಂದನ್ನು ಕಟ್ಟಿದರು ಎಂಬುದು ಅದರ ತಾತ್ಪರ್ಯ. ಸಭೆ ಚಪ್ಪಾಳೆ ತಟ್ಟಿತು. ಚರ್ಚೆಯ ಅವಧಿಯಲ್ಲಿ ಹಿರಿಯರೊಬ್ಬರು ಎದ್ದು, ಆನಂದಪುರ ಮತಾಂತರದ ಠಾಣೆಯೇ ಹೊರತು ಬೇರೇನೂ ಅಲ್ಲ, ಇದರಲ್ಲಿ ಕೊಂಡಾಡುವಂಥದ್ದು ಏನಿದೆ ಎಂದು ಕೇಳಿದರು. ಸಭೆ ಅದಕ್ಕೂ ಚಪ್ಪಾಳೆ ತಟ್ಟಿತು. ಅಧ್ಯಕ್ಷ ಪೀಠದಲ್ಲಿದ್ದ ನಾನು ಊಟದ ವೇಳೆಯಾಯಿತೆಂದು ಗೋಷ್ಠಿಯನ್ನು ಮುಗಿಸಿದೆ. ಆ ಲೋಪವನ್ನು ತುಂಬಿಕೊಳ್ಳಲು ಈ ಬರಹ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ತುತಿಸಿದವರೂ ನಿಂದಿಸಿದವರೂ ಒಂದೇ ತಪ್ಪನ್ನು ಮಾಡಿದ್ದಾರೆ. ಇಬ್ಬರಿಗೂ ಆನಂದಪುರವೆಂದರೆ ಮೋಗ್ಲಿಂಗರ ಕಥೆ. ಒಬ್ಬರಿಗೆ ಅವರು ವಿಮೋಚಕರು, ಇನ್ನೊಬ್ಬರಿಗೆ ಬೇಟೆಗಾರರು. ಅಲ್ಲಿಗೆ ನಡೆದುಬಂದು ಗುಡಿಸಲು ಹಾಕಿಕೊಂಡವರು ಎರಡು ಕಥೆಗಳಲ್ಲಿಯೂ ಮಾತಿಲ್ಲದವರು. ಕ್ವೇಕರರೊಡನೆ ಹೋಲಿಕೆ ಮಾಡುವುದಾದರೆ ಅದನ್ನು ಕೊನೆಯವರೆಗೆ ಮಾಡಬೇಕು. ಹಾಗೆ ಮಾಡಿದಾಗ ಅದು ಯಾರಿಗೂ ಪ್ರಶಸ್ತಿಪತ್ರವಾಗಿ ಉಳಿಯುವುದಿಲ್ಲ. ನಮ್ಮನ್ನೇ ಕೆಲವು ಪ್ರಶ್ನೆಗಳನ್ನು ಕೇಳತೊಡಗುತ್ತದೆ.

ಮೊದಲು ಕ್ವೇಕರರ ಕಡೆಯ ಸಂಗತಿಗಳು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾರ್ಜ್ ಫಾಕ್ಸ್ ಎಂಬಾತನ ಬೋಧನೆಯಿಂದ ಹುಟ್ಟಿದ ಈ ಪಂಥದವರು ತಮ್ಮನ್ನು 'ಸ್ನೇಹಿತರು' ಎಂದು ಕರೆದುಕೊಂಡರು. ಪ್ರತಿ ಮನುಷ್ಯನೊಳಗೂ ದೈವದ ಬೆಳಕೊಂದಿದೆ, ಆ ಬೆಳಕಿಗೆ ಮಧ್ಯವರ್ತಿ ಬೇಡ ಎಂಬುದು ಅವರ ನಂಬಿಕೆಯ ತಿರುಳು. ಆದುದರಿಂದ ಅವರ ಸಭೆಯಲ್ಲಿ ಪೂಜಾರಿಯಿಲ್ಲ, ವಿಧಿಯಿಲ್ಲ. ಎಲ್ಲರೂ ಮೌನವಾಗಿ ಕುಳಿತಿರುತ್ತಾರೆ. ಯಾರಿಗೆ ಒಳಗಿನಿಂದ ಪ್ರೇರಣೆಯಾಗುತ್ತದೆಯೋ ಅವರು, ಹೆಣ್ಣಾಗಲಿ ಗಂಡಾಗಲಿ, ಎದ್ದು ಮಾತಾಡುತ್ತಾರೆ. ಅವರು ಆಣೆಯಿಡುವುದಿಲ್ಲ, ಆಯುಧ ಹಿಡಿಯುವುದಿಲ್ಲ, ದೊಡ್ಡವರೆದುರು ಟೋಪಿ ತೆಗೆಯುವುದಿಲ್ಲ. ಇದಕ್ಕಾಗಿ ಸಾವಿರಾರು ಜನ ಸೆರೆಮನೆ ಕಂಡರು. ತನ್ನ ತಂದೆಗೆ ಬರಬೇಕಾಗಿದ್ದ ಸಾಲಕ್ಕೆ ಪ್ರತಿಯಾಗಿ 1681ರಲ್ಲಿ ಎರಡನೆಯ ಚಾರ್ಲ್ಸ್ ದೊರೆಯಿಂದ ವಿಲಿಯಂ ಪೆನ್ ಪಡೆದ ಸನ್ನದಿನಿಂದ ಪೆನ್ಸಿಲ್ವೇನಿಯ ಸ್ಥಾಪಿತವಾಯಿತು. ಅವನು ಅದನ್ನು 'ಪವಿತ್ರ ಪ್ರಯೋಗ' ಎಂದು ಕರೆದ.

ಇಷ್ಟನ್ನು ಪಠ್ಯಪುಸ್ತಕಗಳು ಹೇಳುತ್ತವೆ. ನಮ್ಮ ಸಂಶೋಧಕರೂ ಇಲ್ಲಿಗೇ ನಿಂತರು. ಆದರೆ ಕಥೆಯ ಸಾರವಿರುವುದು ಮುಂದಿನ ಭಾಗದಲ್ಲಿ. ಒಳಗಿನ ಬೆಳಕನ್ನು ನಂಬಿದ ಪೆನ್ ಸ್ವತಃ ಗುಲಾಮರನ್ನು ಹೊಂದಿದ್ದ. ಫಿಲಡೆಲ್ಫಿಯದ ಸಿರಿವಂತ ಕ್ವೇಕರ್ ವರ್ತಕರು ಗುಲಾಮರನ್ನು ಕೊಂಡರು, ಮಾರಿದರು. 1688ರಲ್ಲಿ ಜರ್ಮನ್‌ಟೌನ್ ಎಂಬ ಪುಟ್ಟ ಊರಿನ ನಾಲ್ವರು ಇದು ಅಧರ್ಮವೆಂದು ಬರೆದು ಸಹಿಮಾಡಿದ ಮನವಿಯನ್ನು ತಮ್ಮ ಸಭೆಗೆ ಒಪ್ಪಿಸಿದರು. ತಿಂಗಳ ಸಭೆ ಅದನ್ನು ತ್ರೈಮಾಸಿಕ ಸಭೆಗೆ ಕಳಿಸಿತು, ತ್ರೈಮಾಸಿಕ ಸಭೆ ವಾರ್ಷಿಕ ಸಭೆಗೆ ಕಳಿಸಿತು, ವಾರ್ಷಿಕ ಸಭೆ ತೀರ್ಮಾನ ಕೊಡದೆ ಬದಿಗಿಟ್ಟಿತು. ನಮ್ಮ ಕಚೇರಿಗಳ ಕಡತಗಳನ್ನು ಬಲ್ಲವರಿಗೆ ಈ ಪಯಣ ಅಪರಿಚಿತವಲ್ಲ. ಬೆಂಜಮಿನ್ ಲೇ ಎಂಬ ಕುಬ್ಜ ದೇಹದ ಹಠವಾದಿ ಸಭೆಗಳಲ್ಲಿ ಕೂಗಾಡಿ ಗುಲಾಮರ ಒಡೆಯರನ್ನು ನಾಚಿಸಿದ. ಸ್ನೇಹಿತರು 1738ರಲ್ಲಿ ಅವನನ್ನೇ ಹೊರಹಾಕಿದರು. ಜಾನ್ ವೂಲ್‌ಮನ್ ಮನೆಯಿಂದ ಮನೆಗೆ ನಡೆದು ಮೃದುವಾಗಿ ವಾದಿಸಿದ, ಗುಲಾಮರ ದುಡಿಮೆಯ ಸಕ್ಕರೆಯನ್ನು ಬಿಟ್ಟ, ಗುಲಾಮರಿದ್ದ ಮನೆಯಲ್ಲಿ ತಂಗಿದರೆ ಆ ಸೇವೆಗೆ ಹಣ ಕೊಟ್ಟು ಹೊರಟ. 1758ರಲ್ಲಿ ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರ ಮೇಲೆ ವಾರ್ಷಿಕ ಸಭೆ ಕ್ರಮ ಕೈಗೊಂಡಿತು. ಗುಲಾಮರನ್ನು ಇಟ್ಟುಕೊಳ್ಳುವುದನ್ನೇ ನಿಷೇಧಿಸಿದ್ದು 1776ರಲ್ಲಿ. ಮೊದಲ ಮನವಿಯಿಂದ ನಿಷೇಧದವರೆಗೆ ಎಂಬತ್ತೆಂಟು ವರ್ಷ. ಅದಾದ ಮೇಲೂ ಸಭೆಗೆ ಬಂದ ಕರಿಯರಿಗೆ ಪ್ರತ್ಯೇಕ ಬೆಂಚಿತ್ತು.

ನೆಲದ ವಿಷಯವೂ ಹೀಗೆಯೇ. ಪೆನ್ ಅಲ್ಲಿಯ ಮೂಲನಿವಾಸಿಗಳಾದ ಲೆನಾಪೆ ಜನರೊಡನೆ ಬೆಲೆ ಕೊಟ್ಟು ಒಪ್ಪಂದ ಮಾಡಿಕೊಂಡ. ಅಂದಿನ ವಸಾಹತುಗಳಲ್ಲಿ ಇದು ಅಪರೂಪ. ಆದರೆ 1737ರಲ್ಲಿ ಅವನ ಮಕ್ಕಳು, ಕ್ವೇಕರನೇ ಆಗಿದ್ದ ಜೇಮ್ಸ್ ಲೋಗನ್ನನ ನೆರವಿನಿಂದ, ಒಂದೂವರೆ ದಿನದಲ್ಲಿ ಮನುಷ್ಯನೊಬ್ಬ ನಡೆಯುವಷ್ಟು ದೂರದ ಭೂಮಿ ಎಂಬ ಹಳೆಯ ಕರಾರನ್ನು ತೋರಿಸಿ, ಗೊತ್ತುಮಾಡಿದ ಓಟಗಾರರನ್ನು ಓಡಿಸಿ, ಲೆನಾಪೆಗಳ ವಿಶಾಲ ಪ್ರದೇಶವನ್ನು ಕಸಿದರು. ಆಯುಧವಿಲ್ಲದೆಯೂ ನೆಲ ಕಸಿಯಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೆ?

ಈಗ ಕೊಡಗಿಗೆ ಬರೋಣ. ಹಾಲೇರಿ ವಂಶದ ಆಳ್ವಿಕೆ 1834ರಲ್ಲಿ ಕೊನೆಗೊಂಡು ಕೊಡಗು ಕಂಪೆನಿ ಸರ್ಕಾರದ ವಶವಾಯಿತು. ನಾನು ವಾಸಿಸುವ ಕಕ್ಕಬೆಯಲ್ಲಿ, ತಡಿಯಂಡಮೋಳು ಬೆಟ್ಟದ ಅಡಿಯಲ್ಲಿ, ದೊಡ್ಡವೀರರಾಜೇಂದ್ರ 1792ರಿಂದ 1794ರ ಅವಧಿಯಲ್ಲಿ ಕಟ್ಟಿಸಿದ ನಾಲ್ಕುನಾಡು ಅರಮನೆಯಿದೆ. ಟಿಪ್ಪುವಿನ ಭಯದ ಕಾಲದಲ್ಲಿ ಕಾಡಿನ ನಡುವೆ ಅರಸನಿಗೊಂದು ಆಶ್ರಯತಾಣ. ಕೊನೆಯ ಅರಸ ಚಿಕ್ಕವೀರರಾಜೇಂದ್ರನೂ ಸೋಲಿನ ದಿನಗಳಲ್ಲಿ ಇಲ್ಲಿಯೇ ಅಡಗಿದ್ದ. ಅರಸರ ಆಶ್ರಯತಾಣ ಹೀಗೆ ಪ್ರವಾಸಿಗರ ಪಟ್ಟಿಯಲ್ಲಿದೆ, ನಮ್ಮ ಕಾದಂಬರಿಗಳಲ್ಲಿದೆ. ಆಳುಗಳ ಆಶ್ರಯತಾಣವೊಂದು ಇದೇ ಜಿಲ್ಲೆಯಲ್ಲಿದೆ ಎಂಬುದನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಬಲ್ಲರು?

ಕೊಡಗಿನಲ್ಲಿ ಆಳುತನ ಇತ್ತೆಂಬುದನ್ನು ನೆನೆಯುವುದೇ ನಮಗೆ ಮುಜುಗರ. ಅಂದಿನ ದಾಖಲೆಗಳು ಹೊಲೆಯರೆಂದು ಕರೆಯುವ ಸಮುದಾಯದವರು ಎರಡು ಬಗೆಯ ಜಮ್ಮದ ಆಳುಗಳಾಗಿದ್ದರು: ಭೂಮಿಗೆ ಅಂಟಿಕೊಂಡವರು ಮತ್ತು ಒಡೆಯನ ಮನೆತನಕ್ಕೆ ಅಂಟಿಕೊಂಡವರು. ಮೊದಲಿನವರು ಗದ್ದೆಯೊಡನೆ ಕೈಬದಲಾಗುವರು, ಎರಡನೆಯವರನ್ನು ಗದ್ದೆಯಿಲ್ಲದೆಯೂ ಮಾರಬಹುದು. 'ಜಮ್ಮ' ಎಂಬ ಒಂದೇ ಪದ ಕೊಡವ ಒಕ್ಕಲಿಗೆ ಜನ್ಮಸಿದ್ಧ ಭೂಹಕ್ಕು, ಕೋವಿಯ ಗೌರವ. ಅದೇ ಪದ ಆಳಿಗೆ ಹುಟ್ಟಿನಿಂದ ಬಂದ ಸಂಕೋಲೆ. ಶಬ್ದಾರ್ಥಶಾಸ್ತ್ರ ಓದುವ ವಿದ್ಯಾರ್ಥಿಗಳು ಈ ಪದದ ಎರಡೂ ಮುಖಗಳನ್ನು ಒಟ್ಟಿಗೆ ನೋಡಬೇಕು. 1843ರ ಐದನೆಯ ಕಾಯ್ದೆ, ಮನುಷ್ಯನ ಮೇಲಿನ ಒಡೆತನದ ಹಕ್ಕನ್ನು ನ್ಯಾಯಾಲಯ ಮಾನ್ಯಮಾಡುವುದಿಲ್ಲ ಎಂದು ಸಾರಿತು. ಆದರೆ ಆಳನ್ನು ಕೈಹಿಡಿದು ಹೊರಗೆ ಕರೆತರುವ ಕೆಲಸವನ್ನು ಅದು ಮಾಡಲಿಲ್ಲ. ಒಡೆಯನ ಜಾಗ ಬಿಟ್ಟರೆ ಆಳು ನಿಲ್ಲುವುದೆಲ್ಲಿ ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಗೆ ಒಂದು ಉತ್ತರವಾಗಿ ಆನಂದಪುರ ಹುಟ್ಟಿತು. 1836ರಲ್ಲಿ ಮಂಗಳೂರಿಗೆ ಬಂದ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದು, 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ನಮ್ಮ ಕಾವ್ಯಗಳನ್ನು ಅಚ್ಚಿಗೆ ತಂದದ್ದು ಎಲ್ಲರಿಗೂ ತಿಳಿದಿದೆ. ಕ್ರೈಸ್ತಮತ ಸ್ವೀಕರಿಸಿದ ಅಲ್ಮಂಡ ಮನೆತನದ ಸೋಮಯ್ಯನ ಕಾರಣದಿಂದ ಅವರು 1853ರ ಹೊತ್ತಿಗೆ ಕೊಡಗಿಗೆ ಬಂದರು, 1855ರಲ್ಲಿ ಕೊಡಗಿನ ಬಗೆಗೆ ಇಂಗ್ಲಿಷಿನಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಕೊಡವರನ್ನು ಕ್ರೈಸ್ತರನ್ನಾಗಿಸುವುದು ಅವರ ಆಸೆಯಾಗಿತ್ತು. ಬಂದವರು ಹೆಚ್ಚಾಗಿ ಆಳುಗಳು. 1850ರ ದಶಕದ ಕೊನೆಯಲ್ಲಿ ಅವರಿಗಾಗಿ ಕಟ್ಟಿದ ನೆಲೆಯೇ ಆನಂದಪುರ. 1860ರಲ್ಲಿ ಮೋಗ್ಲಿಂಗ್ ಸ್ವದೇಶಕ್ಕೆ ಮರಳಿದರು, ಊರು ಉಳಿಯಿತು.

ಇಲ್ಲಿ ಹೋಲಿಕೆಯ ಪರವಾಗಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಜರ್ಮನ್‌ಟೌನಿನ ಮನವಿಗೆ ಸಹಿಹಾಕಿದವರಲ್ಲಿ ಒಬ್ಬನಾದ ಪಾಸ್ಟೋರಿಯಸ್, ಫ್ರಾಂಕ್‌ಫರ್ಟಿನ ಪಯಟಿಸ್ಟರ ಪ್ರತಿನಿಧಿಯಾಗಿ ಅಮೆರಿಕಕ್ಕೆ ಹೋದವನು. ಹೃದಯಪರಿವರ್ತನೆಯನ್ನೂ ಸರಳ ಬದುಕನ್ನೂ ಒತ್ತಿಹೇಳಿದ ಅದೇ ಪಯಟಿಸ್ಟ್ ಭಕ್ತಿಪರಂಪರೆ ವ್ಯುರ್ಟೆಂಬರ್ಗಿನಲ್ಲಿ ಬೇರುಬಿಟ್ಟು, 1815ರಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್ನಿಗೆ ಮೋಗ್ಲಿಂಗರಂಥವರನ್ನು ಕೊಟ್ಟಿತು. ಅಂದಮೇಲೆ ಎರಡು ನೆಲೆಗಳ ನಡುವೆ ದೂರದ ನಂಟಿರುವುದು ನಿಜ.

ಆದರೆ ನಂಟಿದ್ದ ಮಾತ್ರಕ್ಕೆ ಸಾಮ್ಯವಿದೆ ಎಂದಾಗದು. ಮೂರು ಪ್ರಶ್ನೆಗಳಿಂದ ಇದನ್ನು ಪರೀಕ್ಷಿಸಬಹುದು. ಸಭೆಯಲ್ಲಿ ಮಾತಾಡುವವರು ಯಾರು? ನೆಲ ಯಾರ ಹೆಸರಿನಲ್ಲಿದೆ? ದಾಖಲೆಯಲ್ಲಿ ಯಾರ ದನಿಯಿದೆ?

ಮೊದಲ ಪ್ರಶ್ನೆಯಲ್ಲಿಯೇ ಹೋಲಿಕೆ ಕುಸಿಯುತ್ತದೆ. ಕ್ವೇಕರ್ ಸಭೆಯಲ್ಲಿ ಪಾದ್ರಿಯಿಲ್ಲ. ಬಾಸೆಲ್ ಮಿಷನ್ನಿನಲ್ಲಿ ಬಾಸೆಲ್ ನಗರದ ಸಮಿತಿ, ಅದರ ಕೆಳಗೆ ಮಿಷನರಿ, ಅವನ ಕೆಳಗೆ ಉಪದೇಶಿ, ಎಲ್ಲರ ಕೆಳಗೆ ಸಭೆಯ ಜನ. ಮಿಷನರಿಗಳ ಮದುವೆಗೂ ಸಮಿತಿಯ ಒಪ್ಪಿಗೆ ಬೇಕಿದ್ದ ಸಂಸ್ಥೆಯದು. ಎರಡನೆಯದು ನೆಲ. ಮಿಷನ್ನಿನ ಬೇಸಾಯದ ನೆಲೆಗಳಲ್ಲಿ ಭೂಮಿ ಸಾಮಾನ್ಯವಾಗಿ ಮಿಷನ್ನಿನದು, ಜನ ಅದರ ಒಕ್ಕಲುಗಳು. ಪೆನ್ಸಿಲ್ವೇನಿಯಕ್ಕೆ ಹೋದ ಕ್ವೇಕರ್ ಕುಟುಂಬ ಹಣ ತೆತ್ತು ಭೂಮಿ ಕೊಂಡಿತು, ಮಕ್ಕಳಿಗೆ ಬಿಟ್ಟಿತು. ಒಡೆಯನ ಹಟ್ಟಿಯಿಂದ ಆನಂದಪುರಕ್ಕೆ ಬಂದವನಿಗೆ ಸಿಕ್ಕಿದ್ದು ನಿಲ್ಲುವ ಜಾಗ, ಓದುವ ಶಾಲೆ, ಯಾರೂ ಹೊಡೆದು ಎಳೆದೊಯ್ಯರು ಎಂಬ ಧೈರ್ಯ. ಇದು ಅಲ್ಪವೆಂದು ನಾನು ಹೇಳುವುದಿಲ್ಲ. ಆದರೆ ಇದನ್ನು ಭೂಮಾಲಿಕತ್ವವೆಂದು ಕರೆಯಲಾಗದು.

ಮೂರನೆಯದು ದನಿಯ ಪ್ರಶ್ನೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಮುಖ್ಯವಾದದ್ದು ಇದೇ. ಕ್ವೇಕರರ ಒಂದು ಭಾಷಿಕ ಹಠ ನಮಗೆ ಪಾಠವಾಗಬಲ್ಲದು. 17ನೆಯ ಶತಮಾನದ ಇಂಗ್ಲಿಷಿನಲ್ಲಿ ದೊಡ್ಡವರಿಗೆ ಬಹುವಚನ, ಚಿಕ್ಕವರಿಗೆ ಏಕವಚನ. ಕ್ವೇಕರರು ನ್ಯಾಯಾಧೀಶನನ್ನೂ ಏಕವಚನದಲ್ಲಿ ಕರೆದರು, ಏಟು ತಿಂದರು. ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ವಚನಕಾರರು ದೇವರನ್ನು 'ನೀನು' ಎಂದದ್ದನ್ನು ನೆನೆಯುತ್ತಾರೆ. ನಾನು ಅವರನ್ನು ಹತ್ತಿರದ ತೋಟವೊಂದರ ಲೈನ್‌ಮನೆಗಳ ಕಡೆಗೆ ತಿರುಗಿಸುತ್ತೇನೆ. ಅಲ್ಲಿ ಎಪ್ಪತ್ತು ವರ್ಷದ ಯರವ ಅಜ್ಜನನ್ನು ತೋಟದ ಮನೆಯ ಹೈಸ್ಕೂಲು ಹುಡುಗ 'ನೀನು' ಎನ್ನುತ್ತಾನೆ. ಅಜ್ಜ ಅವನನ್ನು ಬಹುವಚನದಲ್ಲಿಯೇ ಮಾತಾಡಿಸುತ್ತಾನೆ. ಇಂಗ್ಲೆಂಡಿನ ಸಮಾನತೆ ಎಲ್ಲರನ್ನೂ ಏಕವಚನಕ್ಕೆ ಇಳಿಸಿ ಬಂತು. ನಮ್ಮ ಸಮಾನತೆ ಎಲ್ಲರನ್ನೂ ಬಹುವಚನಕ್ಕೆ ಏರಿಸಿ ಬರಬೇಕಾಗಿದೆ. ಒಂದು ನಂಬಿಕೆಯನ್ನು ಒಂದು ನಾಡಿನಿಂದ ಇನ್ನೊಂದಕ್ಕೆ ಹೋಲಿಕೆಯಾಗಿ ತರುವಾಗ ವ್ಯಾಕರಣವೇ ತಿರುಗುಮುರುಗಾಗುತ್ತದೆ ಎಂಬುದನ್ನು ತೌಲನಿಕ ಅಧ್ಯಯನ ಮಾಡುವವರು ಮರೆಯಬಾರದು.

ಇನ್ನು ಎರಡನೆಯ ಪಕ್ಷದವರು. ಆನಂದಪುರ ಮತಾಂತರದ ಠಾಣೆ ಎನ್ನುವ ಹಿರಿಯರಿಗೆ ನನ್ನ ಪ್ರಶ್ನೆ ಸರಳವಾಗಿದೆ. ಮಿಷನರಿ ಬರುವ ಮೊದಲು ಆ ಆಳಿನ ಧರ್ಮವನ್ನು ಕಾಪಾಡುವ ಆಸಕ್ತಿ ಯಾರಿಗಿತ್ತು? ಅವನು ನಮ್ಮವನೆಂದು ನಮಗೆ ನೆನಪಾದದ್ದು ಅವನು ಹಟ್ಟಿಯಿಂದ ಹೊರಟ ಮೇಲೆಯೇ ಅಲ್ಲವೇ? ಆಸೆ ತೋರಿಸಿ ಕರೆದೊಯ್ದರು ಎನ್ನುತ್ತೀರಿ. ಮಾರಲಾಗದ ಮನುಷ್ಯನಾಗುವ ಆಸೆಯನ್ನು ಆಮಿಷವೆಂದು ಕರೆಯುವ ಅಧಿಕಾರ, ಮಾರಿದವರ ಪರಂಪರೆಗೆ ಇದೆಯೆ? ಆ ಜನ ವಂಚಿತರಾದರು ಎಂದಾಗ ಅವರಿಗೆ ಸ್ವಂತ ಬುದ್ಧಿಯಿರಲಿಲ್ಲ ಎಂದಂತಾಗುತ್ತದೆ. ಕಂಡ ಎರಡು ದಾರಿಗಳಲ್ಲಿ ಒಂದನ್ನು ಅಳೆದು ತೂಗಿ ಆರಿಸಿಕೊಂಡವರು ಅವರು ಎಂದು ಭಾವಿಸುವುದು ಕನಿಷ್ಠ ಸೌಜನ್ಯ.

ನನ್ನ ಮನೆಯ ಧರ್ಮವನ್ನು ಈ ಪರೀಕ್ಷೆಯಿಂದ ಹೊರಗಿಡುವುದು ನ್ಯಾಯವಲ್ಲ. ಕ್ವೇಕರರೆಂದರೆ ಪಶ್ಚಿಮದ ಜೈನರು ಎಂಬ ಮಾತು ನಮ್ಮವರಲ್ಲಿ ಹೆಮ್ಮೆಯಿಂದ ಕೇಳಿಬರುತ್ತದೆ. ಅಹಿಂಸೆ, ಮಿತಭೋಗ, ಮೌನ ಇವುಗಳೇ ಆಧಾರ. ಸಾಮ್ಯ ಅಷ್ಟಕ್ಕೇ ನಿಲ್ಲುವುದಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ಧನ, ಧಾನ್ಯಗಳ ಸಾಲಿನಲ್ಲಿಯೇ ದಾಸಿ ಮತ್ತು ದಾಸರು ಬರುತ್ತಾರೆ. ಶ್ರಾವಕನು ಮಿತಿ ಮೀರಬಾರದು ಎಂಬುದು ವಿಧಿ, ಇಟ್ಟುಕೊಳ್ಳಲೇಬಾರದು ಎಂದಲ್ಲ. ಇರುವೆಗೆ ನೋವಾಗದಂತೆ ನಡೆಯಲು ಕಲಿಸಿದ ಪರಂಪರೆಗೆ ದಾಸನು ಎಣಿಕೆಯ ವಸ್ತುವಾಗಿ ಕಂಡ. 1758ರ ಕ್ವೇಕರರೂ ಮಿತಿಯ ಘಟ್ಟದಲ್ಲಿಯೇ ಇದ್ದರು. ಕೊಡಗಿನ ಬಿಳಿಯೂರು ಶಾಸನವನ್ನು ನೋಡಿ: ಒಂಬತ್ತನೆಯ ಶತಮಾನದ ಕೊನೆಯಲ್ಲಿ ಗಂಗ ದೊರೆಯೊಬ್ಬ ಸತ್ಯವಾಕ್ಯ ಜಿನಾಲಯಕ್ಕಾಗಿ ಸರ್ವಣಂದಿ ಮುನಿಗೆ ಹನ್ನೆರಡು ಹಳ್ಳಿಗಳನ್ನು ಬಿಟ್ಟುಕೊಟ್ಟ ದಾಖಲೆ ಅದು. ದಾನಿ ಯಾರು, ಪಡೆದವರು ಯಾರು ಎಂಬುದು ಕಲ್ಲಿನಲ್ಲಿದೆ. ಆ ಹನ್ನೆರಡು ಹಳ್ಳಿಗಳ ಗದ್ದೆಯಲ್ಲಿ ನಾಟಿ ಮಾಡಿದವರ ಹೆಸರು ಇಲ್ಲ. ಶಾಸನಪದ್ಧತಿಯೇ ಹಾಗೆ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಮಿಷನ್ ವರದಿಗಳ ಪದ್ಧತಿಯೂ ಅಷ್ಟೇ, ವಾರ್ಷಿಕ ಸಭೆಯ ನಡಾವಳಿಯೂ ಅಷ್ಟೇ. ಬರೆಯುವವನ ಹೆಸರು ಉಳಿಯುತ್ತದೆ. ನಡೆದುಬಂದವನ ಹೆಸರು ಅಳಿಯುತ್ತದೆ.

ಹಾಗಾದರೆ ಕ್ವೇಕರರಿಂದ ಕಲಿಯುವುದೇನೂ ಇಲ್ಲವೆ? ಇದೆ. ಅವರ ಹಿರಿಮೆಯಿರುವುದು ಪೆನ್ನನ ಪವಿತ್ರ ಪ್ರಯೋಗದಲ್ಲಿ ಅಲ್ಲ. ತಮ್ಮ ನಂಬಿಕೆಯನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡ ಆ ಎಂಬತ್ತೆಂಟು ವರ್ಷಗಳ ಒಳಜಗಳದಲ್ಲಿ. ಸಭೆಯ ನಡಾವಳಿಗಳನ್ನು ಅವರು ಸುಡಲಿಲ್ಲ. ಬದಿಗಿಟ್ಟ ಮನವಿಯೂ ಉಳಿಯಿತು, ಹೊರಹಾಕಿದವನ ಹೆಸರೂ ಉಳಿಯಿತು. ಆದುದರಿಂದಲೇ ನಾವು ಇಂದು ಅವರನ್ನು ಟೀಕಿಸಬಲ್ಲೆವು. ನಮ್ಮ ಕಡೆ ಅಂಥ ಒಳಜಗಳದ ದಾಖಲೆ ಎಲ್ಲಿದೆ? 1843ರ ಕಾಯ್ದೆಯಿಂದ ಜೀತಪದ್ಧತಿ ನಿರ್ಮೂಲನದ 1976ರ ಕಾಯ್ದೆಯವರೆಗೆ ನೂರಮೂವತ್ತಮೂರು ವರ್ಷ. ಈ ಅವಧಿಯಲ್ಲಿ ಕೊಡಗಿನ ಯಾವ ಮನೆ ಯಾವ ಆಳನ್ನು ಯಾವಾಗ ಬಿಟ್ಟಿತು, ಯಾವ ಹಿರಿಯ ಅದಕ್ಕಾಗಿ ತನ್ನ ಒಕ್ಕದೊಡನೆ ವಾದಿಸಿದ ಎಂಬುದನ್ನು ನಾವು ಕೇಳಿದ್ದೇವೆಯೆ? ನಡಿಕೇರಿಯಂಡ ಚಿಣ್ಣಪ್ಪನವರು 'ಪಟ್ಟೋಲೆ ಪಳಮೆ'ಗಾಗಿ ಊರೂರು ಅಲೆದು ಕೊಡವರ ಹಾಡು ಸಂಪ್ರದಾಯಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಅಷ್ಟೇ ಶ್ರದ್ಧೆಯಿಂದ ಆನಂದಪುರದ ಹಿರಿಯರ ಬಾಯಿಮಾತನ್ನು ಸಂಗ್ರಹಿಸಲು ನಮ್ಮ ಕನ್ನಡ ವಿಭಾಗಗಳಿಗೆ ಏನು ಅಡ್ಡಿ? ಮೋಗ್ಲಿಂಗರ ಸಂಪಾದನೆಗಳ ಬಗೆಗೆ ಪ್ರಬಂಧ ಬರೆಸುವ ನಾವು, ಅವರೇ ಕಟ್ಟಿದ ಊರಿಗೆ ಒಬ್ಬ ವಿದ್ಯಾರ್ಥಿಯನ್ನೂ ಕಳಿಸದಿರುವುದು ಸಾಹಿತ್ಯಚರಿತ್ರೆಯ ಕುರುಡು ಎನ್ನದೆ ಬೇರೇನೆನ್ನಲಿ?

ಇದು ಹಳೆಯ ಕಾಲದ ಮಾತಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ಕಾಫಿ ತೋಟವನ್ನು ತೆರೆದ ಮೇಲೆ ಆಳುತನದ ಜಾಗಕ್ಕೆ ಲೈನ್‌ಮನೆ ಬಂತು. ಆನಂದಪುರವಿರುವ ಅದೇ ಸಿದ್ದಾಪುರದ ಕಡೆಯ ದಿಡ್ಡಳ್ಳಿಯಲ್ಲಿ, ಲೈನ್‌ಮನೆಗಳನ್ನು ಬಿಟ್ಟುಬಂದ ಆದಿವಾಸಿಗಳು ಹಾಕಿಕೊಂಡಿದ್ದ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು 2016ರ ಡಿಸೆಂಬರಿನಲ್ಲಿ ಅರಣ್ಯದ ಒತ್ತುವರಿಯೆಂದು ಕೆಡವಲಾಯಿತು. ಚಳಿಯಲ್ಲಿ ಬಯಲಿನಲ್ಲಿಯೇ ಕುಳಿತು ಅವರು ಹೋರಾಡಿದರು. ಆಮೇಲೆ ಬಸವನಹಳ್ಳಿ ಮತ್ತು ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿಯಾಯಿತು. ಒಡೆಯನ ಜಾಗ ಬಿಟ್ಟರೆ ಆಳು ನಿಲ್ಲುವುದೆಲ್ಲಿ ಎಂಬ 1843ರ ಪ್ರಶ್ನೆ ನೂರೆಪ್ಪತ್ತಮೂರು ವರ್ಷಗಳ ನಂತರವೂ ಅದೇ ಪ್ರದೇಶದಲ್ಲಿ ಹಾಗೆಯೇ ನಿಂತಿತ್ತು. ಅಂದು ಉತ್ತರ ಕೊಡಲು ವಿದೇಶಿ ಪಾದ್ರಿಯೊಬ್ಬ ಬರಬೇಕಾಯಿತೆಂದು ಸಿಟ್ಟಾಗುವವರು, ಈ ಬಾರಿ ತಾವು ಏನು ಉತ್ತರ ಕೊಟ್ಟೆವೆಂದು ಹೇಳಬೇಕು.

ಆ ಯುವ ಸಂಶೋಧಕರಿಗೆ ನನ್ನ ಸಲಹೆ ಇಷ್ಟೇ. ಹೋಲಿಕೆಯನ್ನು ಕೈಬಿಡಬೇಡಿ, ಅದು ಒಳ್ಳೆಯ ಹೋಲಿಕೆ. ಆದರೆ ಪೆನ್ನನನ್ನೂ ಮೋಗ್ಲಿಂಗರನ್ನೂ ಎದುರುಬದುರು ಕೂರಿಸಿದ್ದನ್ನು ಬಿಡಿ. ಫಿಲಡೆಲ್ಫಿಯದ ಪ್ರತ್ಯೇಕ ಬೆಂಚಿನ ಮೇಲೆ ಕುಳಿತವರನ್ನೂ ಆನಂದಪುರಕ್ಕೆ ನಡೆದುಬಂದವರನ್ನೂ ಎದುರುಬದುರು ಕೂರಿಸಿ, ಎರಡು ಕಡೆಯೂ ನೆಲ ಯಾರ ಹೆಸರಿನಲ್ಲಿತ್ತೆಂದು ಹುಡುಕಿ. ಪ್ರಬಂಧದ ಎರಡನೆಯ ಕರಡು ಸಿದ್ಧವಾದಾಗ ತಿಳಿಸಿ. ಆ ಗೋಷ್ಠಿಗೆ ನಾನೇ ಅಧ್ಯಕ್ಷನಾದರೆ, ಊಟದ ವೇಳೆ ಮೀರಿದರೂ ಚರ್ಚೆಯನ್ನು ನಿಲ್ಲಿಸುವುದಿಲ್ಲ.